ವೈಶಾಖದ ನಡುಹಗಲಲ್ಲಿ ಅರುಂಧತಿ

“ನೀಲವ್ವ ಅರುಂಧತಿ ಕಾಣವಲ್ದು ಅಂದ್ಲು, ಆರ ತಿಂಗಳದಾಗ ಹೋದ್ಲು. ನೀ ಹಂಗ ಅನ್ನಬ್ಯಾಡ ನಮ್ಮವ್ವಾ, ಕಂಡ್ತು ಅಂದುಬಿಡು.”

ನಮ್ಮ ಮನೆತನದ ಯಾವ ಮದುವೆಯೇ ಆಗಲಿ, ವಧುವರರನ್ನು ಹಂದರದ ಹೊರಗೆ ಕರೆದೊಯ್ದು ಆಕಾಶ ತೋರಿಸುವ ಹೊತ್ತಿಗೆ ಯಾರಾದರೊಬ್ಬ ಹಿರಿಯಳು ಮದುಮಗಳ ಕಿವಿಯಲ್ಲಿ ಹೇಳುವ ಮಾತು ಇದು. ನೀಲವ್ವ ನನ್ನ ಹಿರಿಯ ಅಕ್ಕ. ಅವಳನ್ನು ಕಂಡವರು ಈಗ ಹೆಚ್ಚು ಉಳಿದಿಲ್ಲ. ಅವಳನ್ನು ಕಾಣದವರ ಬಾಯಲ್ಲಿ ಈ ಮಾತು ಮಾತ್ರ ಗಟ್ಟಿಯಾಗಿ ಉಳಿದಿದೆ. ಅರುಂಧತಿ ಕಾಣದವರಿಗೆ ಆಯುಷ್ಯ ಆರೇ ತಿಂಗಳು ಎಂಬ ನಂಬಿಕೆ ನಮ್ಮಲ್ಲಿ ಹುಟ್ಟಿದ್ದಲ್ಲ, ಬಹಳ ಹಳೆಯದು. ನಮ್ಮ ಮನೆ ಅದಕ್ಕೊಂದು ಸಾಕ್ಷಿಯನ್ನು ಒದಗಿಸಿತು, ಅಷ್ಟೆ. ಆ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ. ಅಕ್ಕ ಸತ್ತದ್ದು ನಿಜ, ಆರು ತಿಂಗಳಲ್ಲಿ ಸತ್ತದ್ದೂ ನಿಜ. ಆದರೆ ಈ ಎರಡು ಮಾತುಗಳನ್ನು ಜೋಡಿಸಿದ ‘ಅದಕ್ಕೇ’ ಎಂಬ ಗಂಟು ಸುಳ್ಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದವನು ಇಂಥ ಮಾತಾಡಿದರೆ ಕೇಳುವವರು ಕಡಿಮೆ. ಮೊಂಡ ಎನ್ನುತ್ತಾರೆ. ಹಾಗೆಯೇ ಇರಲಿ.

ಬೆಟಗೇರಿಯ ನಮ್ಮ ಮನೆಗೆ ಮೂರೇ ಕೋಣೆಗಳು. ಮುಂದಿನ ಕೋಣೆಯಲ್ಲಿ ಎರಡು ಕುಣಿಮಗ್ಗಗಳು. ಅಪ್ಪನೂ ಕಾಕಾನೂ ಸೊಂಟದವರೆಗೆ ನೆಲದೊಳಗೆ ಇಳಿದು ಕುಳಿತು ನೇಯುತ್ತಿದ್ದರು. ಹೊರಗಿನಿಂದ ಬಂದವರಿಗೆ ಮೊದಲು ಕಾಣುತ್ತಿದ್ದುದು ನೆಲದಿಂದ ಮೊಳೆತಂತಿದ್ದ ಆ ಎರಡು ಮೈಗಳು. ನಡುವಿನ ಕೋಣೆಯಲ್ಲಿ ಜೋಳದ ಚೀಲಗಳೂ ನೂಲಿನ ಗಂಟುಗಳೂ ಒಂದಕ್ಕೊಂದು ಒರಗಿಕೊಂಡಿರುತ್ತಿದ್ದವು. ಮಳೆಗಾಲದಲ್ಲಿ ಜೋಳಕ್ಕೆ ನೂಲಿನ ಗಂಜಿಯ ವಾಸನೆ, ನೂಲಿಗೆ ಜೋಳದ ವಾಸನೆ ಹತ್ತುತ್ತಿತ್ತು. ಒಳಗಿನದು ಅಡುಗೆಮನೆ, ಅದರ ಬೆಳಕಿಂಡಿಯ ಕೆಳಗೆ ಒರಗಿಸಿದ್ದ ನಿಚ್ಚಣಿಕೆಯನ್ನು ಹತ್ತಿದರೆ ಮಣ್ಣಿನ ಮಾಳಿಗೆ. ಊಟಕ್ಕೆ ಮಗ್ಗದಿಂದ ಏಳುವುದು ಅಪ್ಪನಿಗೆ ಬೇಸರ. ಅವ್ವ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಸವರಿ, ಕುಣಿಯ ಅಂಚಿಗೆ ತಂದಿಡುತ್ತಿದ್ದಳು. ನೇಯ್ಗೆಗೆ ಚಟ್ನಿಯ ಎಣ್ಣೆ ತಾಗಬಾರದೆಂದು ಅವನು ಎಡಗೈಯಲ್ಲಿಯೇ ಉಣ್ಣುತ್ತಿದ್ದ. ಅದಕ್ಕಾಗಿ ಅಜ್ಜಿ ಸಾಯುವತನಕ ಅವನನ್ನು ಬೈದಳು.

ಆ ಮನೆಯಲ್ಲಿ ನೀಲವ್ವನಿಗೆ ಒಂದು ಸ್ಥಾನವಿತ್ತು. ಹಾಸಿನ, ಅಂದರೆ ಉದ್ದನೂಲಿನ, ಎಳೆಗಳನ್ನು ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಒಂದೊಂದಾಗಿ ಪೋಣಿಸಬೇಕು. ಕೆಲವೊಮ್ಮೆ ಒಂದೇ ಸಂದಿನಲ್ಲಿ ಎರಡು ಎಳೆಗಳು ಸೇರಿಬಿಡುತ್ತವೆ. ಮೈಗೆ ಮೈ ಹತ್ತಿ ನಿಂತ ಆ ಎರಡು, ಎಂಥ ನೇಕಾರನ ಕಣ್ಣಿಗೂ ಒಂದೇ ಎಳೆಯಂತೆ ಕಾಣುತ್ತವೆ. ಸೀರೆ ನೇಯ್ದು ಮುಗಿದು ಬಿಸಿಲಿಗೆ ಹಿಡಿದಾಗ ಮಾತ್ರ ಉದ್ದಕ್ಕೂ ಒಂದು ಕಪ್ಪು ಗೀರು ಎದ್ದು ನಿಲ್ಲುತ್ತದೆ. ಅದನ್ನು ನಾವು ಜೋಡಿ ಎಳಿ ಎನ್ನುತ್ತಿದ್ದೆವು. ಹಾಸು ಕಟ್ಟಿದ ದಿನ ಅಪ್ಪ ಎಲ್ಲರನ್ನೂ ಕರೆದು ಕೇಳುವನು:

“ನೋಡ್ರಿ, ಬರೋಬ್ಬರಿ ಐತೋ ಇಲ್ಲೋ?”

ಕಾಕಾ ಐತಿ ಎನ್ನುವನು. ಅವ್ವನೂ ಐತಿ ಎನ್ನುವಳು. ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತಿತ್ತು. ಅಕ್ಕ ಬಗ್ಗಿ, ತಲೆಯನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲಿಸಿ ನೋಡುವಳು.

“ಇಲ್ಲಪ್ಪಾ. ಅಲ್ಲೊಂದು ಜೋಡಿ ಐತಿ.”

“ಎಲ್ಲಿ ಐತಿಲೇ? ನಿನ್ನ ಕಣ್ಣಾಗ ಐತಿ ಜೋಡಿ!” ಎಂದು ಕಾಕಾ ರೇಗುವನು. ಬಿಚ್ಚಿ ಮತ್ತೆ ಕಟ್ಟುವ ಕೆಲಸ ಅವನ ಪಾಲಿನದು.

“ಐತಂದ್ರ ಐತಿ. ಆಕಿ ಇಲ್ಲ ಅಂದಿದ್ದು ಖರೆ ಇರತೈತಿ. ಬಿಚ್ಚು,” ಎನ್ನುವನು ಅಪ್ಪ.

ಜಗಳ ನಡೆಯುತ್ತಿತ್ತು, ಆದರೆ ಹಾಸನ್ನು ಬಿಚ್ಚುತ್ತಿದ್ದರು. ಎಲ್ಲರೂ ಹೌದೆಂದಾಗ ಒಬ್ಬಳು ಇಲ್ಲವೆಂದರೆ, ಆ ಒಬ್ಬಳ ಮಾತನ್ನೇ ಮೊದಲು ಪರೀಕ್ಷಿಸಬೇಕೆಂಬ ಪಾಠವನ್ನು ನಾನು ಕಲಿತದ್ದು ಆ ಕುಣಿಯ ಅಂಚಿನಲ್ಲಿ.

ಬೇಸಿಗೆಯಲ್ಲಿ ನಾವು ಮಕ್ಕಳು ಮಾಳಿಗೆಯ ಮೇಲೆ ಮಲಗುತ್ತಿದ್ದೆವು: ನೀಲವ್ವ, ನಡುವಿನ ಅಕ್ಕ ಕಾಶವ್ವ, ನಾನು. ದೀಪ ಹಚ್ಚಿದ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿಗಳು ಎದ್ದಿರುತ್ತಿದ್ದವು. ಬಾಲದ ನಡುವಿನ ಚಿಕ್ಕಿ ವಸಿಷ್ಠ. ಅದರ ಮಗ್ಗುಲಲ್ಲಿ ಅಂಟಿಕೊಂಡಂತೆ ಮಿಣುಕುವ ಸಣ್ಣ ಚಿಕ್ಕಿ ಅರುಂಧತಿ. ತೋರಿಸಿಕೊಟ್ಟವಳು ನೀಲವ್ವ. “ಹಣಿಗ್ಯಾಗ ಜೋಡಿ ಎಳಿ ಬಿದ್ದಂಗ ಐತಿ ನೋಡೋ,” ಎಂದು ಅವಳು ನಗುತ್ತಿದ್ದಳು. ನನಗೆ ಎರಡಾಗಿ ಕಾಣುವತನಕ ಮಲಗಲು ಬಿಡುತ್ತಿರಲಿಲ್ಲ. ಕಂಡಿತೆಂದು ನಾನು ಸುಳ್ಳು ಹೇಳಿದರೆ, ಸಣ್ಣದು ಯಾವ ಕಡೆಗಿದೆ ಎಂದು ಕೇಳಿ ಹಿಡಿಯುತ್ತಿದ್ದಳು. ಅರುಂಧತಿಯನ್ನು ಕಾಣಲಾರದ ಕಣ್ಣಲ್ಲ ಅವಳದು.

ಮದುವೆ ವೈಶಾಖದಲ್ಲಿ, ನಮ್ಮ ಓಣಿಯಲ್ಲಿಯೇ ಹಾಕಿದ ಹಂದರದಲ್ಲಿ ಆಯಿತು. ಗಂಡಿನವರು ಲಕ್ಷ್ಮೇಶ್ವರದವರು. ಅಭಿಜಿನ್ ಮುಹೂರ್ತ, ಅಂದರೆ ಸೂರ್ಯ ನೆತ್ತಿಗೆ ಬರುವ ನಡುಹಗಲು. ಅಕ್ಷತೆ ಬಿದ್ದ ಮೇಲೆ ಪುರೋಹಿತರು ವಧುವರರನ್ನು ಹೊರಗೆ ಕರೆತಂದರು. ಅವರವರ ನೆರಳು ಅವರವರ ಕಾಲಡಿಗೆ ಸೇರಿಕೊಂಡಿತ್ತು. ನಾನು ಹಂದರದ ಕಂಬ ಹಿಡಿದು ನಿಂತಿದ್ದೆ. ಮುಂದಿನ ಮಾತುಗಳನ್ನು ನಾನೇ ಕೇಳಿದ್ದೇನೆ, ಯಾರೋ ಹೇಳಿದ್ದಲ್ಲ.

“ಉತ್ತರಕ್ಕ ನೋಡ್ರಿ. ಅರುಂಧತಿ ಕಂಡ್ತೇನ್ರಿ?” ಎಂದು ಪುರೋಹಿತರು ಬೆರಳೆತ್ತಿದರು.

“ಕಂಡ್ತ್ರಿ,” ಎಂದ ವರ, ತಲೆ ಎತ್ತುವುದಕ್ಕೆ ಮೊದಲೇ.

“ನಿನಗವಾ?”

ಅಕ್ಕ ಬಾಸಿಂಗವನ್ನು ಓರೆ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು, ಹಾಸನ್ನು ನೋಡುವಂತೆಯೇ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು.

“ಇಲ್ರಿ. ಕಾಣವಲ್ದು.”

ಯಾರೋ ನಕ್ಕರು. ಪುರೋಹಿತರು ಸೌಮ್ಯವಾಗಿಯೇ ಹೇಳಿದರು: “ಭಾವದಿಂದ ನೋಡವಾ.”

“ಭಾವದಿಂದ ನೋಡಿದ್ರೂ ಕಣ್ಣಿಗೇ ಕಾಣಬೇಕಲ್ರಿ.”

ಆಗ ಅಪ್ಪ ಮುಂದೆ ಬಂದ. ಅವನ ದನಿ ನನಗೆ ಇಂದಿಗೂ ಕೇಳಿಸುತ್ತದೆ. “ನೀಲಾ, ಅನ್ನವಾ. ಒಂದ ಮಾತು. ಕಂಡ್ತು ಅನ್ನು, ಆತು.”

“ಅಪ್ಪಾ, ಇಲ್ಲದ್ದನ್ನ ಹೆಂಗ ಐತಿ ಅನ್ಲಿ?”

ಮಗ್ಗದ ಮುಂದೆ ಅವಳ ‘ಇಲ್ಲ’ವನ್ನು ಬೇಡುತ್ತಿದ್ದವನು ಹಂದರದ ಮುಂದೆ ಅವಳ ‘ಹೌದು’ಗಾಗಿ ಅಂಗಲಾಚಿದ. ಅವಳಿಗೆ ಎರಡು ನಾಲಗೆಗಳನ್ನು ಅವನು ಕಲಿಸಿರಲಿಲ್ಲ. ಅತ್ತೆಯಾಗುವವಳು ಸೆರಗನ್ನು ಸರಿಮಾಡಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ನುಡಿದಳು: “ಎಷ್ಟ ಖರೆ ಮಾತಾಡ್ತಾಳವ್ವಾ ನಿಮ್ಮ ಹುಡುಗಿ! ನಮ್ಮ ಮನ್ಯಾಗ ಇಷ್ಟ ಖರೆ ಹಿಡಸೂದಿಲ್ಲ.” ಪುರೋಹಿತರು ಮಂತ್ರವನ್ನು ಮುಂದುವರಿಸಿದರು. ಊಟಕ್ಕೆ ಕುಳಿತಾಗ ಪಂಕ್ತಿಯಿಂದ ಪಂಕ್ತಿಗೆ ಹೋದದ್ದು ಹೋಳಿಗೆಯಲ್ಲ, ಆರು ತಿಂಗಳ ಮಾತು.

ಕಾರ್ತಿಕದಲ್ಲಿ ಅವಳಿಗೆ ಕಾಮಾಲೆಯಾಗಿದೆ ಎಂಬ ಖಬರು ಬಂತು. ಅಪ್ಪ ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿ ನಡೆದುದನ್ನು ನಾನು ಕಂಡಿಲ್ಲ. ಅವ್ವನಿಗೆ ಅಪ್ಪ ಹೇಳಿದ್ದು, ಅವ್ವ ನನಗೆ ಹೇಳಿದ್ದು ಇಷ್ಟು. ಅಕ್ಕ ಹಿತ್ತಿಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗದಗಿನ ದವಾಖಾನೆಗೆ ಒಯ್ಯಲೇ ಎಂದು ಅಪ್ಪ ಕೇಳಿದ. “ಒಯ್ದು ಏನ ಮಾಡ್ತೀರಿ? ಆಕಿ ಬಾಯಿಲೇ ಆಕಿ ತನ್ನ ಆಯುಷ್ಯ ಹೇಳ್ಯಾಳ. ಡಾಕ್ಟರು ಚಿಕ್ಕಿ ತೋರಸ್ತಾನೇನು?” ಎಂದಳು ಅತ್ತೆ. ಅಪ್ಪ ಬರಿಗೈಯಲ್ಲಿ ಹೊರಟುಬಂದ. ಮನೆಗೆ ಮರಳಿ ಹಿರಿಯರನ್ನು ಕೇಳಿದ. ಹಿರಿಯರು ಹರಕೆ ಕಟ್ಟಲು ಹೇಳಿದರು. ಅಪ್ಪ ಶಿರಹಟ್ಟಿಯ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದ. ಆಮೇಲೆ ಗಟ್ಟಿ ಮನಸ್ಸು ಮಾಡಿ, ಅವಳನ್ನು ಕರೆತರಲೆಂದು ಬಸ್ಸು ಹತ್ತಿದ. ಲಕ್ಷ್ಮೇಶ್ವರದ ನಿಲ್ದಾಣದಲ್ಲಿ ಅವನಿಗೆ ಎದುರಾದವರು ಸುದ್ದಿ ಹೇಳಲು ನಮ್ಮೂರಿಗೆ ಹೊರಟಿದ್ದವರು.

ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ನೇಯುತ್ತ ನೇಯುತ್ತ ಲಾಳಿಯನ್ನು ನಿಲ್ಲಿಸಿ, ಯಾರೂ ಕೇಳದಿದ್ದರೂ ಒಂದು ಮಾತು ಆಡುತ್ತಿದ್ದ: “ಅವತ್ತ ಗದಗಿಗೆ ಬಸ್ಸು ಇತ್ತು.” ಅಷ್ಟೆ. ಮತ್ತೆ ಲಾಳಿ ಓಡುತ್ತಿತ್ತು. ಮೊದಮೊದಲು ಅವ್ವ “ಇತ್ತು, ಆತು, ಉಣ್ಣು” ಎನ್ನುತ್ತಿದ್ದಳು. ಕೊನೆಕೊನೆಗೆ ರೊಟ್ಟಿಯನ್ನಷ್ಟೇ ಕುಣಿಯ ಅಂಚಿಗೆ ಸರಿಸುತ್ತಿದ್ದಳು. ಹಾಸು ಕಟ್ಟಿದ ದಿನ ಅವನು ಯಾರನ್ನೂ ಕರೆದು ಕೇಳುವುದನ್ನು ಬಿಟ್ಟ. ನಮ್ಮ ಸೀರೆಗಳಲ್ಲಿ ಗೀರು ಬೀಳತೊಡಗಿತು. ನೀಲವ್ವ ಎಂಬ ಹೆಸರನ್ನು ನಮ್ಮ ಮನೆತನದಲ್ಲಿ ಆಮೇಲೆ ಯಾವ ಕೂಸಿಗೂ ಇಟ್ಟಿಲ್ಲ.

ದವಾಖಾನೆಗೆ ಒಯ್ದಿದ್ದರೆ ಅವಳು ಬದುಕುತ್ತಿದ್ದಳೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ನಾನೂ ಆ ಹಂದರದವರ ಸಾಲಿಗೆ ಸೇರುತ್ತೇನೆ. ಆದರೆ ಒಯ್ಯಲಿಲ್ಲ ಎಂಬುದು ಗೊತ್ತಿದೆ, ಏಕೆ ಒಯ್ಯಲಿಲ್ಲ ಎಂಬುದೂ ಗೊತ್ತಿದೆ. ಆ ಭವಿಷ್ಯ ತಾನಾಗಿ ನಿಜವಾಗಲಿಲ್ಲ. ಜನ ಕುಳಿತು ಕಾಯ್ದು ಅದನ್ನು ನಿಜಮಾಡಿದರು. ಇದನ್ನು ನಾನು ಹೇಳಿದಾಗಲೆಲ್ಲ ನನಗೆ ಎದುರಾಡಿದವಳು ಕಾಶವ್ವ. ಅವಳನ್ನು ಶಿರಹಟ್ಟಿಗೆ ಕೊಟ್ಟಿದೆ. ಮದುಮಕ್ಕಳ ಕಿವಿಯಲ್ಲಿ ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಊದಿದವಳು ಅವಳೇ. “ನೀ ಪುಸ್ತಕ ಓದಿ ಕೆಟ್ಟಿ. ಎಲ್ಲಾರಿಗೂ ಕಂಡದ್ದು ಆಕಿಗೊಬ್ಬಾಕಿಗೆ ಕಾಣಲಿಲ್ಲಂದ್ರ ಏನೋ ಇತ್ತು,” ಎನ್ನುವಳು. ಗದಗಿನ ವಾಚನಾಲಯದಲ್ಲಿ ನಕ್ಷತ್ರಗಳ ಬಗ್ಗೆ ಸಿಕ್ಕ ಕನ್ನಡ ಪುಸ್ತಕಗಳನ್ನೆಲ್ಲ ನಾನು ಓದಿದ್ದೇನೆ. ಹಗಲು ನಕ್ಷತ್ರ ಕಾಣದು ಎಂದು ಅವಳಿಗೆ ಹೇಳಿದರೆ, “ಅದು ಎಲ್ಲಾರಿಗೂ ಗೊತ್ತೈತಿ. ಕಾಣದಿದ್ರೂ ಅಲ್ಲೇ ಇರತೈತಲ್ಲ, ಅದಕ್ಕ ಕಂಡ್ತು ಅಂತಾರ,” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಈಗಿನ ಮಾತು. ನಮ್ಮ ಹಿಂದಿನ ಓಣಿಯ ತಗಡಿನ ಕೆಲಸದವರ ಮಗಳು ಶಬಾನಾ ಕಾಲೇಜಿನಲ್ಲಿ ಓದುತ್ತಾಳೆ. ಹೋದ ಬೇಸಿಗೆಯಲ್ಲಿ ಅವಳು ಅಂತೂರ ಬೆಂತೂರ ಎಂಬ ಹಳ್ಳಿಯ ನಾಗವೇಣಿ, ಮುಂಡರಗಿಯ ಪ್ರಕಾಶ ಎಂಬ ಇಬ್ಬರು ಜೊತೆಗಾರರೊಂದಿಗೆ ಬಂದು ನಮ್ಮ ಮಾಳಿಗೆಯನ್ನು ಕೇಳಿದಳು. ಕೈಯಲ್ಲಿ ಒಂದು ದೂರದರ್ಶಕ. ಅದರ ಕೊಳವೆಯನ್ನು ಶಬಾನಾಳ ತಂದೆ ತಗಡಿನಲ್ಲಿ ಮಾಡಿಕೊಟ್ಟಿದ್ದ.

“ಅಜ್ಜಾರ, ಜೋಡಿ ನಕ್ಷತ್ರ ಅಳಿಯಾಕ ಬಂದೇವಿ. ನಿಮ್ಮ ಮಾಳಿಗಿಗೆ ಉತ್ತರ ಬಯಲೈತಿ.”

ಜೋಡಿ ಎಂಬ ಮಾತು ಕೇಳಿ ನಾನೂ ಅವರ ಹಿಂದೆ ನಿಚ್ಚಣಿಕೆ ಹತ್ತಿದೆ. ಮಾಳಿಗೆಗೆ ಈಗ ಸಿಮೆಂಟು ಬಂದಿದೆ, ನಿಚ್ಚಣಿಕೆ ಅದೇ. ಅವರು ನನಗೆ ವಿವರಿಸಿದರು. ಬರಿಗಣ್ಣಿಗೆ ಒಂದಾಗಿ ಕಾಣುವ ಎಷ್ಟೋ ನಕ್ಷತ್ರಗಳು ದೂರದರ್ಶಕದಲ್ಲಿ ಎರಡಾಗುತ್ತವೆ. ಆ ಎರಡರ ನಡುವಿನ ಅಂತರವನ್ನೂ, ಒಂದರಿಂದ ಇನ್ನೊಂದು ಯಾವ ದಿಕ್ಕಿಗಿದೆ ಎಂಬುದನ್ನೂ ಅಳೆದು ಬರೆಯಬೇಕು. ಇಂದು ಒಬ್ಬರು ಅಳೆದದ್ದನ್ನು ಮುಂದೆ ಇನ್ನೊಬ್ಬರು ಅಳೆಯುತ್ತಾರೆ. ತಲೆಮಾರುಗಳ ಅಳತೆ ಕೂಡಿದ ಮೇಲೆ ಅವು ಒಂದನ್ನೊಂದು ಸುತ್ತುತ್ತವೆಯೋ, ನಮ್ಮ ನೋಟಕ್ಕಷ್ಟೇ ಅಕ್ಕಪಕ್ಕ ಬಿದ್ದಿವೆಯೋ ತಿಳಿಯುತ್ತದೆ. ಕೈ ಕುದುರಲೆಂದು ಮೊದಲು ವಸಿಷ್ಠನ ಕಡೆಗೆ ತಿರುಗಿಸಿದರು. ನಾನು ಕಣ್ಣಿಟ್ಟೆ. ಅರುಂಧತಿ ಬಹುದೂರ ಸರಿದು ನಿಂತಿತ್ತು, ವಸಿಷ್ಠನೇ ಎರಡಾಗಿದ್ದ. ನೀಲವ್ವ ಕಂಡಿದ್ದರೆ ಆ ಇನ್ನೊಂದು ಜೋಡಿಗೆ ಏನೆನ್ನುತ್ತಿದ್ದಳೋ.

ಅವರದೊಂದು ನಿಯಮ ನನ್ನನ್ನು ಅಲ್ಲಿಯೇ ಕೂರಿಸಿತು. ಪ್ರತಿಯೊಬ್ಬರೂ ಬೇರೆಬೇರೆಯಾಗಿ ನೋಡಿ, ತಮಗೆ ಕಂಡ ದಿಕ್ಕನ್ನು ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ಮೂವರೂ ಬರೆಯುವತನಕ ಯಾರೂ ಬಾಯಿ ಬಿಡಬಾರದು. ಒಂದು ಸಂಜೆ ಬಹಳ ಇಕ್ಕಟ್ಟಿನ ಜೋಡಿಯೊಂದನ್ನು ಹಿಡಿದರು. ಪ್ರಕಾಶ ನೋಡಿ ಬರೆದ, ಶಬಾನಾ ನೋಡಿ ಬರೆದಳು. ನಾಗವೇಣಿ ಬಹಳ ಹೊತ್ತು ಕಣ್ಣಿಟ್ಟುಕೊಂಡು ನಿಂತಳು.

“ಮುಗೀತೇನಲೇ? ಎರಡ ಅದಾವ, ಬರಿ ಜಲ್ದಿ. ಬಸ್ಸು ಹೋಗತೈತಿ ನಂದು,” ಎಂದ ಪ್ರಕಾಶ.

“ಬಾಯಿ ಮುಚ್ಚೋ. ಆಕಿ ಬರಿಯೂತನಾ ಮಾತಿಲ್ಲ,” ಎಂದು ಶಬಾನಾ ಗದರಿದಳು.

ನಾಗವೇಣಿ ಬರೆದಳು. ಮೂರು ಹಾಳೆಗಳನ್ನೂ ಬಿಚ್ಚಿದರು. ಸಣ್ಣ ನಕ್ಷತ್ರ ಉತ್ತರಕ್ಕಿದೆ ಎಂದು ಪ್ರಕಾಶ ಬರೆದಿದ್ದ, ಪೂರ್ವಕ್ಕಿದೆ ಎಂದು ಶಬಾನಾ. ನಾಗವೇಣಿಯ ಹಾಳೆಯಲ್ಲಿದ್ದುದು ಒಂದೇ ಪದ: ‘ಕಾಣಲಿಲ್ಲ’.

“ಪುಸ್ತಕದಾಗ ಎರಡ ಅದಾವಂತ ಓದಿದ್ವಿ. ಅದಕ್ಕ ಕಂಡಂಗ ಆತೇನೋ,” ಎಂದಳು ಶಬಾನಾ, ತನ್ನ ಹಾಳೆಯನ್ನು ನೋಡುತ್ತ.

ನಾಗವೇಣಿ ತಪ್ಪು ಮಾಡಿದವಳಂತೆ ಕೇಳಿದಳು: “ನಂದು ಹೊಡದ ಹಾಕ್ಲೇನು?”

“ಹುಚ್ಚಿ, ನಿಂದ ಇರಲಿ. ನಮ್ಮ ಎರಡೂ ಹೊಡಿಯೂಣು. ಕಾಣಲಿಲ್ಲ ಅನ್ನೂದೂ ಒಂದ ಅಳತೀನ,” ಎಂದಳು ಶಬಾನಾ.

ನಾನು ಎದ್ದು ಮಾಳಿಗೆಯ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತೆ. ಆಮೇಲೆ ಬಂದು ಅವರಿಗೆ ನೀಲವ್ವನ ಮದುವೆಯ ಕಥೆಯನ್ನು ಹೇಳಿದೆ. ಪ್ರಕಾಶ ಬಸ್ಸಿನ ಮಾತೆತ್ತಲಿಲ್ಲ. ನಾಗವೇಣಿ ಕೇಳಿದ್ದು ಒಂದೇ ಪ್ರಶ್ನೆ: “ಯಾವ ಮಾಸ, ಎಷ್ಟ ಹೊತ್ತು, ಅಜ್ಜಾರ?” ವೈಶಾಖ, ಅಭಿಜಿನ್ ಎಂದೆ. ಮೂವರೂ ತಲೆ ಕೂಡಿಸಿ ಲೆಕ್ಕ ಹಾಕಿದರು. ಶಬಾನಾ ತಲೆ ಎತ್ತಿದಳು.

“ಅದು ಅಲ್ಲಿ ಇರಲೇ ಇಲ್ರಿ. ವೈಶಾಖದಾಗ ಅರುಂಧತಿ ಸೂರ್ಯ ಹುಟ್ಟೂ ಹೊತ್ತಿಗೆ ಮುಳುಗತೈತಿ, ಮತ್ತ ಏಳೂದು ಮಧ್ಯಾಹ್ನ ಮೂರರ ಸುಮಾರಿಗೆ. ನಡುಹಗಲದಾಗ ಅದು ನೆಲದ ಕೆಳಗ ಇರತೈತಿ.”

ನಾನು ಯಾರ ಲೆಕ್ಕವನ್ನೂ ನೋಡದೆ ನಂಬುವವನಲ್ಲ. ಆಗಲೂ ವೈಶಾಖವೇ ನಡೆದಿತ್ತು; ಮರುದಿನ ನಸುಕಿನಲ್ಲಿ ಎದ್ದು ಮಾಳಿಗೆ ಹತ್ತಿದೆ. ಸಪ್ತರ್ಷಿಗಳು ಉತ್ತರದಿಂದ ವಾಯವ್ಯದ ಕಡೆಗೆ ವಾಲಿ, ಮನೆಗಳ ಮೇಲೆಯೇ ಬಾಗಿದ್ದವು. ವಸಿಷ್ಠನೂ ಅವನ ಮಗ್ಗುಲ ಸಣ್ಣ ಚಿಕ್ಕಿಯೂ ಇಳಿಯುತ್ತ ಇಳಿಯುತ್ತ ಬೆಳಕಿನಲ್ಲಿ ಕರಗಿದವು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಕಾಶವ್ವನಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟು ವರ್ಷ ನನ್ನ ತಲೆಯ ಮೇಲೆಯೇ ಸುತ್ತುತ್ತಿತ್ತು.

ಆ ವಾರ ಕಾಶವ್ವ ನಮ್ಮಲ್ಲಿಗೆ ಬಂದಳು. ನಡುವಿನ ಕೋಣೆಯಲ್ಲಿ ಕಾಲು ಚಾಚಿ ಕುಳಿತು ಹೆಸರುಕಾಳು ಆರಿಸುತ್ತಿದ್ದಳು. ನಾನು ಹೇಳಿದೆ: ಆ ಹೊತ್ತಿಗೆ ಅರುಂಧತಿ ಬಿಸಿಲಿನಿಂದ ಮರೆಯಾಗಿರಲಿಲ್ಲ, ಆಕಾಶದಲ್ಲಿ ಇರಲೇ ಇಲ್ಲ, ಪುರೋಹಿತರು ಬೆರಳೆತ್ತಿ ತೋರಿಸಿದ ಚಿಕ್ಕಿ ಅವರ ಕಾಲ ಕೆಳಗಿತ್ತು. ಅವಳ ಕೈ ಮೊರದ ಮೇಲೆ ನಿಂತಿತು. ಎಂದಿನಂತೆ ಬೈಯುತ್ತಾಳೆ ಎಂದುಕೊಂಡೆ.

“ನನ್ನ ಮದಿವ್ಯಾಗ ನಾನೂ ಕಂಡ್ತು ಅಂದೆ,” ಎಂದಳು. “ಏನ ಕಂಡ್ತು? ಭಟ್ಟರ ಬೆರಳ ಕಂಡ್ತು. ಉಗರಾಗ ಅರಿಷಿಣ ಮೆತ್ತಿತ್ತು. ಅದನ್ನ ನೋಡಿ ಕಂಡ್ತ್ರಿ ಅಂದೆ. ಅಂಜಿಕಿ ಇತ್ತೋ ನನಗ. ಅಪ್ಪ ಹಂದರದ ಮೂಲ್ಯಾಗ ಕಣ್ಣ ಮುಚ್ಚಿಕೊಂಡು ನಿಂತಿದ್ದ.”

ಮೊರವನ್ನು ಅತ್ತ ಸರಿಸಿ ಮತ್ತೆ ಹೇಳಿದಳು: “ಆಕಿ ಜೋಡಿ ಎಳಿ ಹಿಡಿಯಾಕಿ. ಆಕಿ ಕಣ್ಣಿಗೆ ಏನಾಗಿತ್ತೋ ಧಾಡಿ? ನಾನರೇ ಯಾಕ ಅದನ್ನ ನೆನಿಲಿಲ್ಲ?”

ಮುಂದಿನ ಮದುವೆಯಲ್ಲಿ ಅವಳು ಏನು ಹೇಳುತ್ತಾಳೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಸಂಶಯವಿರುವವರು ಶಿರಹಟ್ಟಿಗೆ ಹೋಗಿ ಅವಳನ್ನೇ ವಿಚಾರಿಸಬಹುದು. ಕಿವಿ ಸ್ವಲ್ಪ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಅಕ್ಕನ ಲಗ್ನಪತ್ರಿಕೆ ನಮ್ಮ ಮುಂದಿನ ಕೋಣೆಯ ಗೋಡೆಯ ಮೇಲಿದೆ. ಅರಿಷಿಣದ ಅಂಚು ಮಾಸಿದ್ದರೂ ವೈಶಾಖ, ಅಭಿಜಿನ್ ಎಂಬ ಎರಡು ಪದಗಳನ್ನು ಓದಲು ಬರುತ್ತದೆ. ವೈಶಾಖ ಪ್ರತಿ ವರ್ಷ ಬರುತ್ತದೆ. ನಸುಕಿನಲ್ಲಿ ಎದ್ದು ವಾಯವ್ಯಕ್ಕೆ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ಮೂವರು ಮಕ್ಕಳು ತಮ್ಮ ಅಳತೆಗಳನ್ನೆಲ್ಲ ಅಚ್ಚುಮಾಡಿ ಕಾಲೇಜಿನ ಮೆಟ್ಟಿಲ ಬಳಿಯ ಫಲಕಕ್ಕೆ ಹಚ್ಚಿದ್ದಾರೆ. ಅದನ್ನು ನೋಡಲೆಂದೇ ನಾನು ಹೋಗಿದ್ದೆ. ಇಕ್ಕಟ್ಟಿನ ಆ ಜೋಡಿಯ ಸಾಲಿನಲ್ಲಿ ಎರಡು ಚೌಕಗಳು ಖಾಲಿ ಇವೆ. ಮೂರನೆಯದರಲ್ಲಿ, ನಾಗವೇಣಿಯ ಹೆಸರಿನ ಕೆಳಗೆ, ‘ಕಾಣಲಿಲ್ಲ’ ಎಂದಿದೆ. ಯಾರೂ ಅದನ್ನು ತಿದ್ದಿಲ್ಲ.